ಖಂಡೇನವಮಿಗೆ ಬಿಚ್ಚಿಟ್ಟ ಮೋಟರ್‌ಸೈಕಲ್ಲು

ಧಾರವಾಡ, ೨೭ ಸೆಪ್ಟೆಂಬರ್ ೧೯೩೬, ರವಿವಾರ

ಇಂದಿನಿಂದ ನನ್ನ ಮೋಟರ್‌ಸೈಕಲ್ಲಿಗೆ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ತಾಗಕೂಡದು. ಇದನ್ನು ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಸಿಟ್ಟು ಇದೆ, ಆದರೆ ಅದು ಬೇರೆ.

ಗಾಡಿಯನ್ನು ಗುಲಾಬಸಾಬನ ಗ್ಯಾರೇಜಿಗೆ ಕೊಟ್ಟದ್ದು ಗಣೇಶ ಚವತಿಯ ಮರುದಿನ. ಕೆಮ್ಮುತ್ತದೆ, ಏರು ಬಂದರೆ ಉಸಿರು ಹಿಡಿಯುತ್ತದೆ ಎಂದು ಸ್ಪಷ್ಟವಾಗಿ ಹೇಳಿದ್ದೆ. ಇವತ್ತು ಹೋಗಿ ನೋಡಿದರೆ ಹ್ಯಾಂಡಲಿಗೆ ಮಲ್ಲಿಗೆಯ ದಂಡೆ, ಹಿಂದಿನ ಸೀಟಿಗೆ ಜರಿಯ ಬಟ್ಟೆ. ಅವನ ಅಳಿಯನ ಮದುವೆಯ ಮೆರವಣಿಗೆಗೆ ನನ್ನ ಗಾಡಿ ಹೋಗಿ ಬಂದಿದೆ!

"ಇದೇನೋ ಗುಲಾಬಸಾಬ?" ಎಂದೆ.

"ಟ್ರಾಯಲ್ ರೀ ರಾವಸಾಹೇಬ್ರ. ರಿಪೇರಿ ಆದಮ್ಯಾಲೆ ಓಡಿಸಿ ನೋಡಬೇಕಲ್ರಿ? ಖಾಲಿ ಓಡಿಸೂದಕಿಂತ ಮದುಮಗನ್ನ ಕೂಡಿಸಿಕೊಂಡು ಓಡಿಸಿದ್ರ ವಜ್ಜಿ ಪರೀಕ್ಷಾನೂ ಆಗತೈತಿ."

"ಕೆಮ್ಮು ಹೋತೇನು?"

"ಹೋಗಿಲ್ರಿ. ಆದರ ಬ್ಯಾಂಡಿನ ಸಪ್ಪಳದಾಗ ಯಾರಿಗೂ ಕೇಳಿಸ್ಲಿಲ್ಲ."

ಜಿಲ್ಲೆಯ ಶಾಲೆಗಳನ್ನೆಲ್ಲ ತನಿಖೆ ಮಾಡಿ ನಿವೃತ್ತನಾದವನಿಗೆ ಈ ಉತ್ತರ! ಆಗ ನಾನು ಶಾಲೆಯ ಬಾಗಿಲಲ್ಲಿ ಕಾಲಿಟ್ಟರೆ ಹೆಡ್‌ಮಾಸ್ತರ ಸಮೇತ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಈಗ ಈ ಗಾಡಿಯ ಸಪ್ಪಳ ಕೇಳಿದಾಗ ಮಾತ್ರ ಓಣಿಯವರು ಎದ್ದು ನಿಲ್ಲುತ್ತಾರೆ. ಅದಕ್ಕಾಗಿಯಾದರೂ ಅದು ಚೆನ್ನಾಗಿ ಓಡಬೇಕು.

ಇದನ್ನು ನನಗೆ ಮಾರಿ ವಿಲಾಯತಿಗೆ ಹೋದ ಫಾರೆಸ್ಟ್ ಸಾಹೇಬನು ಜೊತೆಗೊಂದು ಪುಸ್ತಕವನ್ನೂ ಕೊಟ್ಟಿದ್ದಾನೆ. ಸಾಧಾರಣ ಬುದ್ಧಿಯ ಯಾವ ಗೃಹಸ್ಥನೂ ಒಂದು ಮಧ್ಯಾಹ್ನದಲ್ಲಿ ಎಂಜಿನ್ ಬಿಚ್ಚಿ, ಒಳಗಿನ ಮಸಿ ತೆಗೆದು, ಮತ್ತೆ ಜೋಡಿಸಬಹುದು ಎಂದು ಮುನ್ನುಡಿಯಲ್ಲೇ ಬರೆದಿದೆ. ನನ್ನ ಬುದ್ಧಿ ಸಾಧಾರಣವಾದದ್ದಲ್ಲ. ಆದ್ದರಿಂದ ಊಟದ ಹೊತ್ತಿಗೇ ಮುಗಿಯಬೇಕು.

೨ ಅಕ್ಟೋಬರ್, ಶುಕ್ರವಾರ

ಮುಗಿದಿಲ್ಲ.

ಪುಸ್ತಕ ಬರೆದವನಿಗೆ ಹೆಂಡತಿ ಇಲ್ಲ, ಅಡುಗೆಮನೆ ಇಲ್ಲ, ಹಸ್ತ ಮಳೆ ಇಲ್ಲ. "ಬಿಚ್ಚಿದ ಭಾಗಗಳನ್ನು ಸ್ವಚ್ಛವಾದ ಮೇಜಿನ ಮೇಲೆ ಕ್ರಮವಾಗಿ ಇಡಿರಿ" ಎನ್ನುತ್ತಾನೆ. ನಾನು ಪಡಸಾಲೆಯಲ್ಲಿ ಚಾಪೆ ಹಾಸಿ ಕ್ರಮವಾಗಿಯೇ ಇಟ್ಟಿದ್ದೆ. ಅಂಬಾಬಾಯಿ ಹಪ್ಪಳ ಹರವಲು ಆ ಚಾಪೆಯನ್ನು ಎಳೆದಳು. ಕ್ರಮ ಹೋಯಿತು. ಸಣ್ಣ ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಲು ಒಂದು ಪರಾತ ತೆಗೆದುಕೊಂಡಿದ್ದೆ. ಅದು ಚಕ್ಕಲಿ ಹಿಟ್ಟು ನಾದುವ ಪರಾತವಂತೆ. ಪರಾತದ ಮೇಲೆ ಹಾಗೆಂದು ಎಲ್ಲಿಯೂ ಬರೆದಿಲ್ಲ.

"ಅಲ್ರೀ, ಇದು ಪಡಸಾಲಿನೋ ಕಮ್ಮಾರನ ಅಂಗಡಿನೋ? ಇನ್ನೆರಡು ವಾರಕ್ಕ ಘಟಸ್ಥಾಪನಾ. ದೇವರನ್ನ ಎಲ್ಲಿ ಕೂಡಸ್ಲಿ, ಆ ಪೆಟ್ರೋಲ್ ಟಾಕಿ ಮ್ಯಾಲ?"

ಇಷ್ಟರಲ್ಲಿ ಅವಳ ತಮ್ಮ ವೆಂಕಣ್ಣ ತನ್ನ ಊರು ಸುಳ್ಳದಿಂದ ಚಕ್ಕಡಿ ಹೊಡೆದುಕೊಂಡು ಬಂದ. ಹೊಲ, ಎತ್ತು, ಪರಿಹಾಸ್ಯ, ಈ ಮೂರು ಬಿಟ್ಟರೆ ಅವನಿಗೆ ಬೇರೆ ಉದ್ಯೋಗವಿಲ್ಲ. ಎಂಜಿನ್ನಿನ ಸುತ್ತ ಪ್ರದಕ್ಷಿಣೆ ಹಾಕಿ, ಎತ್ತಿನ ಹಲ್ಲು ನೋಡುವವನ ಹಾಗೆ ಬಗ್ಗಿ ಒಳಗೆ ನೋಡಿದ.

"ಭಾವಾ, ಇದನ್ನ ನನಗ ಕೊಡ್ರಿ. ಗಿರಣಿಗೆ ಹಚ್ಚತೇನಿ. ಸುಳ್ಳದಾಗ ಹೆಣ್ಮಕ್ಕಳು ಜ್ವಾಳ ಬೀಸಿ ಬೀಸಿ ರಟ್ಟಿ ಸೋತಾವ. ನಿಮ್ಮ ಕಡೆ ಇದ್ರ ಇದು ಓಡೂದೂ ಇಲ್ಲ, ಬೀಸೂದೂ ಇಲ್ಲ."

ನನ್ನ ತಲೆ ಕಾಯಿತು. "ದಸರಾ ದಿನ ಬನ್ನಿಗಿಡದತನಕ ಇದನ್ನ ಹತ್ತಿಕೊಂಡು ಹೋಗತೇನಿ. ಹೋಗಲಿಲ್ಲಂದ್ರ ನಿನ್ನ ಚಕ್ಕಡ್ಯಾಗ ಹೇರಿಕೊಂಡು ಹೋಗು!"

"ಅಕ್ಕಾ, ನೀ ಸಾಕ್ಷಿ," ಎಂದ.

"ಸಾಕ್ಷಿ ಏನು, ಹೇರಲಿಕ್ಕೆ ಕೈನೂ ಹಚ್ಚತೇನಿ," ಎಂದಳು ನನ್ನ ಧರ್ಮಪತ್ನಿ.

೫ ಅಕ್ಟೋಬರ್, ಸೋಮವಾರ

ವಾಲ್ವಿನ ಸ್ಪ್ರಿಂಗನ್ನು "ಮೆಲ್ಲಗೆ ಒತ್ತಿ ಹೊರಗೆ ತೆಗೆಯಿರಿ" ಎಂದಿದೆ. ಹಿತ್ತಲಲ್ಲಿ ಕೂತು ಒತ್ತಿದೆ. ಅದು ತಾನಾಗಿಯೇ ಹೊರಗೆ ಬಂತು. ನನ್ನ ಕಿವಿಯ ಪಕ್ಕದಿಂದ ಹಾರಿ, ಹಿತ್ತಲ ಗೋಡೆ ದಾಟಿ, ಪಕ್ಕದ ಮನೆಯ ಜಗಲಿಯಲ್ಲಿ ಕೂತ ಆ ವಕೀಲನ ಚಹಾದ ಬಟ್ಟಲಿಗೆ ಬಿತ್ತು.

ಇಡೀ ಮಾಳಮಡ್ಡಿಯಲ್ಲಿ ಬೀಳಲು ಬೇರೆ ಜಾಗ ಸಿಗಲಿಲ್ಲವೇ!

ಆ ವಕೀಲ ಎಂದರೆ ಬಿಂದುಮಾಧವ. ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕಲಿತವರು ನಾವು. ೧೯೨೨ರಿಂದ ಮಾತಿಲ್ಲ. ಆ ವರ್ಷ ವಾಚನಾಲಯದ ಗೋಡೆ ಗಡಿಯಾರ ನಿಂತಾಗ ನಾನು, ಯಾರೂ ಕೇಳದಿದ್ದರೂ, ಸ್ವಂತ ಕೈಯಿಂದ ಅದನ್ನು ದುರಸ್ತಿ ಮಾಡಿಕೊಟ್ಟೆ. ಮರುದಿನದಿಂದ ಅದು ದಿನಕ್ಕೆ ತುಸು ಹಿಂದೆ ಬೀಳತೊಡಗಿತು ಎಂಬುದು ವಾಚನಾಲಯದವರ ವಾದ. ವಾರ್ಷಿಕ ಸಭೆಯಲ್ಲಿ ಈ ಮನುಷ್ಯ ಎದ್ದು ನಿಂತು, "ನಮ್ಮೆಲ್ಲರ ಆಯುಷ್ಯವನ್ನು ದಿನಕ್ಕಿಷ್ಟು ಹೆಚ್ಚಿಸಿಕೊಟ್ಟ ಯಜ್ಞೇಶ್ವರರಾಯರಿಗೆ" ಆಭಾರ ಮನ್ನಣೆಯ ಠರಾವು ಮಂಡಿಸಿದ. ಸಭೆ ಸಭೆಯೇ ನಕ್ಕಿತು. ಯಾರು ಯಾರು ನಕ್ಕರು ಎಂಬುದು ನನಗಿನ್ನೂ ಬಾಯಿಪಾಠವಿದೆ. ಹೋದ ವರ್ಷ ಅವನ ಹೆಂಡತಿ ತೀರಿಕೊಂಡಾಗ ಹೋಗಿ, ಇಡೀ ಮುಂಜಾನೆ ಕೂತು ಬಂದೆ. ಆಗಲೂ ಮಾತಾಡಲಿಲ್ಲ.

ಸಂಜೆ ನೋಡಿದರೆ ಸ್ಪ್ರಿಂಗು ಗೋಡೆಯ ಮೇಲೆ ಬಾಳೆಲೆಯ ತುಂಡಿನಲ್ಲಿ ಇತ್ತು, ತೊಳೆದು ಒರೆಸಿ. ಕೃತಜ್ಞತೆ ಹೇಳುವ ಪ್ರಶ್ನೆಯೇ ಬರುವುದಿಲ್ಲ. ಸ್ಪ್ರಿಂಗು ನನ್ನದು.

೯ ಅಕ್ಟೋಬರ್, ಶುಕ್ರವಾರ

ಇಂದು ಮೋಟರ್‌ಸೈಕಲ್ಲನ್ನು ಮುಟ್ಟಲಿಲ್ಲ. ನಿನ್ನೆ ಮಸಿ ಕೆರೆಯುವಾಗ ಬೆರಳಿಗೆ ಆದ ಗಾಯ ಒಣಗಲಿ.

೧೨ ಅಕ್ಟೋಬರ್, ಸೋಮವಾರ

ಎಂಜಿನ್ನನ್ನೇ ಗಾಡಿಯಿಂದ ಇಳಿಸಿ, ಮಣೆಯ ಮೇಲಿಟ್ಟು ಎಳೆದುಕೊಂಡು ಹೋಗಿ, ಹಿತ್ತಲ ಗೋಡೆಯ ಮೇಲೆ ಕೂಡಿಸಿದ್ದೇನೆ. ಮೊಳಕಾಲೆತ್ತರದ ಗೋಡೆ, ಕೆಲಸಕ್ಕೆ ಅನುಕೂಲ. ಪಿಸ್ಟನ್ನಿಗೆ ಕಬ್ಬಿಣದ ಉಂಗುರಗಳಿವೆ. ಅವನ್ನು ಸುತ್ತಲೂ ಅದುಮಿ ಹಿಡಿದು, ಅದೇ ಹೊತ್ತಿಗೆ ಮೇಲಿನಿಂದ ಸಿಲಿಂಡರನ್ನು ಇಳಿಸಬೇಕು. ಅಂದರೆ ಮನುಷ್ಯನಿಗೆ ನಾಲ್ಕು ಕೈ ಬೇಕು. ನಮ್ಮ ದೇವರಿಗಿವೆ. ಇಂಗ್ಲಿಷರ ಗೃಹಸ್ಥನಿಗೆ ಎಲ್ಲಿಂದ ಬಂದವೋ ಪುಸ್ತಕದಲ್ಲಿ ಬರೆದಿಲ್ಲ.

ಅಂಬಾಬಾಯಿಯನ್ನು ಕರೆದೆ. ಬಂದಳು, ಆದರೆ ಮಡಿಯಲ್ಲಿದ್ದಳು. ದೂರ ನಿಂತಳು. ಆಗ ಗೋಡೆಯಾಚೆಯಿಂದ ಬಿಂದುಮಾಧವನ ಕೆಮ್ಮು ಕೇಳಿಸಿತು.

"ವೈನಿ, ನಿಮ್ಮ ಮನಿಯವರಿಗೆ ಹೇಳ್ರಿ, ಆ ಉಂಗುರದ ಬಾಯಿ ಎಲ್ಲಾ ಒಂದ ಕಡೆ ಬಂದಾವ. ಸರಿಸಿ ಹಾಕಬೇಕು ಅಂತ ಕಾಣಸ್ತದ."

"ಅಂಬಾ, ಅವರಿಗೆ ಹೇಳು, ಪುಸ್ತಕ ನಾ ಓದೇನಿ, ಅವರು ಓದಿಲ್ಲ."

"ವೈನಿ, ಪುಸ್ತಕದ ಹದಿನೇಳನೇ ಚಿತ್ರದಾಗ ಅದ ಅಂತ ಹೇಳ್ರಿ. ಇಲ್ಲಿಂದನ ಕಾಣಸ್ತದ, ತೆರದ ಬಿದ್ದದ."

"ಅಂಬಾ, ಅವರ ಕಣ್ಣು ಅಷ್ಟು ಛಲೋ ಇದ್ರ—"

"ಸಾಕು ಮಾಡ್ರಿ ಇಬ್ಬರೂ!" ಎಂದಳು ಅಂಬಾಬಾಯಿ. "ನಾ ಇಲ್ಲೇ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳಿಕೋತ ಕೂತ್ರ ಒಳಗ ಸಾರು ಉಕ್ಕತದ. ಗೋಡಿ ಹತ್ತರದ ಆ ಪಾರಿಜಾತದ ಗಿಡಕ್ಕ ಹೇಳಿಕೊಳ್ರಿ." ಹೊರಟೇ ಹೋದಳು.

ನಂತರ ನಡೆದದ್ದನ್ನು ನಿಷ್ಪಕ್ಷಪಾತವಾಗಿ ಬರೆಯುತ್ತೇನೆ. ಬಿಂದುಮಾಧವರಾಯರು ಪಾರಿಜಾತಕ್ಕೆ ಹೇಳಿದರು: "ಉಂಗುರ ಯಾರರ ಒತ್ತಿ ಹಿಡದ್ರ ಸಿಲಿಂಡರ್ ಇಳೀತದ." ನಾನೂ ಗಿಡಕ್ಕೇ ಹೇಳಿದೆ: "ಹಿಡಿಯವರು ಹಿಡೀಬಹುದು. ಗೋಡಿ ಇಬ್ಬರದೂ ಅದ." ಗೋಡೆಯ ತಮ್ಮ ಅರ್ಧದಿಂದ ಅವರು ಅದುಮಿದರು, ನನ್ನ ಅರ್ಧದಿಂದ ನಾನು ಇಳಿಸಿದೆ. ಸಿಲಿಂಡರು ಬೆಣ್ಣೆಯ ಹಾಗೆ ಇಳಿಯಿತು. ಅವರ ಎರಡು ಬೆರಳು ಸಿಕ್ಕವು. ಅವರು ಕೂಗಿಕೊಂಡದ್ದು ಗಿಡಕ್ಕಲ್ಲ, ಆದರೆ ಅದನ್ನು ನಾನು ಮಾತು ಎಂದು ಲೆಕ್ಕ ಹಿಡಿಯುವುದಿಲ್ಲ.

ಅರಿಷಿಣ ಕಳಿಸಿಕೊಟ್ಟೆ.

೧೬ ಅಕ್ಟೋಬರ್, ಶುಕ್ರವಾರ

ಘಟಸ್ಥಾಪನೆ. ಪಡಸಾಲೆಯಿಂದ ನನಗೂ ಗಾಡಿಗೂ ಒಟ್ಟಿಗೆ ಉಚ್ಚಾಟನೆಯಾಯಿತು. ಹಿತ್ತಲ ಕಟ್ಟಿಗೆ ಛಪ್ಪರದಲ್ಲಿ ಇದ್ದೇವೆ. ಎಂಜಿನ್ನು ಗಾಡಿಗೆ ಏರಿದೆ. ಉಳಿದದ್ದು ಕಾರ್ಬ್ಯುರೇಟರು, ಮ್ಯಾಗ್ನೆಟೋ ಮತ್ತು ನನ್ನ ತಾಳ್ಮೆ. ಛಪ್ಪರದಿಂದ ಪಕ್ಕದ ಜಗಲಿ ಸೀದಾ ಕಾಣುತ್ತದೆ. ಯಾವ ಗೃಹಸ್ಥನಾದರೂ ಇಷ್ಟು ಹೊತ್ತು ಒಬ್ಬನೇ ಒಂದೇ ವರ್ತಮಾನಪತ್ರ ಹಿಡಿದುಕೊಂಡು ಹೇಗೆ ಕೂತಿರುತ್ತಾನೋ! ಪುಟ ಸಹ ತಿರುವುವುದಿಲ್ಲ.

೨೨ ಅಕ್ಟೋಬರ್, ಗುರುವಾರ

ಘೋರ ಅನ್ಯಾಯ.

ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡಿದರೆ ಪುಸ್ತಕವಿಲ್ಲ. ದೇವರ ಮನೆಯಲ್ಲಿ ಕೆಂಪು ಬಟ್ಟೆಯ ಮೇಲೆ ಗ್ರಂಥಗಳ ರಾಶಿ. ಎಲ್ಲಕ್ಕೂ ಮೇಲೆ, ಗಂಧ ಹಚ್ಚಿಸಿಕೊಂಡು, ನನ್ನ ಮೋಟರ್‌ಸೈಕಲ್ಲಿನ ಪುಸ್ತಕ! ಇಂದು ಸರಸ್ವತಿಯ ಆವಾಹನೆ. ದಶಮಿಯ ದಿನ ವಿಸರ್ಜನೆಯಾಗುವವರೆಗೆ ಪುಸ್ತಕ ತೆರೆಯಕೂಡದು, ಓದಕೂಡದು.

"ಅಂಬಾ, ಅದು ವಿದ್ಯಾ ಅಲ್ಲ. ಇಂಗ್ಲಿಷರ ಕಬ್ಬಿಣದ ಪುಸ್ತಕ."

"ಅಕ್ಷರ ಅವನೋ ಇಲ್ಲೋ?"

"ಅವ."

"ಮತ್ತ ಸರಸ್ವತಿ ಇದ್ದಾಳ. ಇನ್ನ ಮುಟ್ಟಬ್ಯಾಡ್ರಿ. ನೀವ ಸಾಲಿ ಸಾಲಿಗೆ ಹೋಗಿ 'ಪುಸ್ತಕ ಪೂಜಾ ಮಾಡ್ರಿ' ಅಂತ ಹೇಳಿಕೋತ ತಿರಗಿದವರು."

ಇದು ನಿಜ. ನಾನು ಓದಿ ನಿಲ್ಲಿಸಿದ್ದು ಕಾರ್ಬ್ಯುರೇಟರಿನ ಪ್ರಕರಣದ ಬಾಗಿಲಲ್ಲಿ. ವೆಂಕಣ್ಣ ದಶಮಿಯ ಮಧ್ಯಾಹ್ನ ಬರುತ್ತಾನೆ. ಹಗ್ಗ ತರುತ್ತೇನೆಂದು ಹೇಳಿ ಕಳಿಸಿದ್ದಾನೆ. ಕೈಯಲ್ಲಿ ಕಾರ್ಬ್ಯುರೇಟರು ಹಿಡಿದು ಛಪ್ಪರದಲ್ಲಿ ಕೂತಿದ್ದೆ, ಗೋಡೆಯಾಚೆಯಿಂದ ಬಿಂದುಮಾಧವ ಎಂದ:

"ಆ ಪುಸ್ತಕ ಸರಸ್ವತಿಗೂ ತಿಳಿಯಂಗಿಲ್ಲ, ಬಿಡೋ."

ಇದನ್ನು ಅವನು ನನಗೆ ಹೇಳಿದನೋ ಗಿಡಕ್ಕೋ ಎಂದು ಬಹಳ ಹೊತ್ತು ವಿಚಾರ ಮಾಡಿದೆ. ಗಿಡಕ್ಕೆ ಯಾರೂ "ಬಿಡೋ" ಎನ್ನುವುದಿಲ್ಲ.

೨೪ ಅಕ್ಟೋಬರ್, ಶನಿವಾರ

ಖಂಡೇನವಮಿ. ನಿನ್ನೆ ಪುಸ್ತಕವಿಲ್ಲದೆಯೇ ಕಾರ್ಬ್ಯುರೇಟರನ್ನು ಹೇಗೋ ಕೂಡಿಸಿದ್ದೆ. ಕೆಲವೇ ಪೇಚು ಬಿಗಿಯುವುದು ಬಾಕಿ. ಬೆಳಿಗ್ಗೆ ಎದ್ದು ನೋಡಿದರೆ ನಟ್ಟು ಬಿಗಿಯುವ ಪಾನಾಗಳಿಲ್ಲ, ಇಕ್ಕಳವಿಲ್ಲ, ಪೇಚು ತಿರುವುವ ಉಳಿಯೂ ಇಲ್ಲ. ಎಲ್ಲ ದೇವರ ಮುಂದೆ, ಈಳಿಗೆ ಮಣೆಗೂ ಕುಡುಗೋಲಿಗೂ ನಡುವೆ ಸಾಲಾಗಿ ಮಲಗಿವೆ, ಕುಂಕುಮ ಹಚ್ಚಿಕೊಂಡು. ಆಯುಧಗಳನ್ನು ಇಂದು ಪೂಜಿಸಬೇಕು, ಉಪಯೋಗಿಸಬಾರದು. ಹುಟ್ಟಿದಾಗಿನಿಂದ ನನಗೆ ಇದು ಗೊತ್ತು. ಎಂಜಿನ್ನು ಬಿಚ್ಚುವ ದಿನ ಮಾತ್ರ ಹೊಳೆಯಲಿಲ್ಲ. ಪಂಚಾಂಗ ನೋಡಿ ಬಿಚ್ಚಿರಿ ಎಂದು ಆ ಇಂಗ್ಲಿಷನಾದರೂ ಒಂದು ಮಾತು ಬರೆಯಬಾರದಿತ್ತೇ?

ಗತ್ಯಂತರವಿಲ್ಲದೆ ಗುಲಾಬಸಾಬನಲ್ಲಿಗೆ ಹೋದೆ. ಹೊಸ ಕೋಟು ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದ.

"ಒಂದು ಪಾನಾ ಕೊಡು. ಸಂಜೀಕ ತಂದು ಕೊಡತೇನಿ."

"ಪಾನಾ ಎಲ್ಲೈತ್ರಿ ಇವತ್ತ? ಒಳಗ ನೋಡ್ರಿ."

ನೋಡಿದೆ. ಗ್ಯಾರೇಜಿನ ಸಾಮಾನೆಲ್ಲ ಕೆಂಪು ಬಟ್ಟೆಯ ಮೇಲೆ, ಚೆಂಡುಹೂವಿನಲ್ಲಿ ಮುಳುಗಿವೆ. ಊದಿನಕಡ್ಡಿ ಹೊಗೆಯಾಡುತ್ತಿದೆ.

"ನಿನಗೆಲ್ಲಿಂದ ಬಂತೋ ಖಂಡೇಪೂಜಾ?"

"ನಮ್ಮಪ್ಪನ ಕಾಲದಿಂದ ನಡದೈತ್ರಿ. ಗಿರಾಕಿ ಎಲ್ಲಾ ನಿಮ್ಮಂಥವರ. ಒಂದ ವರ್ಷ ತಪ್ಪಿಸಿದ್ರ, 'ನನ್ನ ಗಾಡಿ ಕೆಟ್ಟದ್ದು ಅದಕ್ಕನ' ಅಂತ ನನ್ನ ಕೊರಳಿಗೆ ಬೀಳತಾರ. ಈಗ ಮುಟ್ಟಂದ್ರ ನನಗೂ ಜೀವ ಝಲ್ ಅಂತೈತ್ರಿ. ನಾಳಿ ಬರ್ರಿ. ನಾಳಿ ಬ್ಯಾಡ, ನಾಳಿ ಸೂಟಿ. ಕೊಬ್ಬರಿ ಸಕ್ಕರಿ ತೊಗೊಳ್ರಿ. ನಮ್ಮ ಅಳಿಯಾ ನಿಮ್ಮ ಗಾಡೀನ ಭಾಳ ನೆನಸ್ತಾನ್ರಿ."

ಕೊಬ್ಬರಿ ಸಕ್ಕರೆ ತಿಂದೆ. ಸಿಟ್ಟಿನಲ್ಲಿಯೇ ತಿಂದೆ.

ಮನೆಗೆ ಬರುವಷ್ಟರಲ್ಲಿ ಅಂಬಾಬಾಯಿ ಗಾಡಿಯನ್ನೂ ಪೂಜಿಸಿದ್ದಳು. ಮನೆಯ ವಸ್ತುವಿಗೆ ಕೊರತೆಯಾಗಬಾರದಂತೆ. ತೂತು ಕಂಡಲ್ಲೆಲ್ಲ ಹೂ, ಸಂದು ಕಂಡಲ್ಲೆಲ್ಲ ಅಕ್ಷತೆ. ನೋಡಲು ಚೆನ್ನಾಗಿತ್ತು. ಬಿಂದುಮಾಧವನಿಗೆ ಗೋಡೆಯ ಮೇಲಿನಿಂದ ಪ್ರಸಾದ ಕೊಟ್ಟೆ. "ನಾಳೆ ಮುಂಜಾನೆ ಲಗೂ ಶುರು ಮಾಡೂಣು," ಎಂದ. ನಾನು ಅವನನ್ನು ಕರೆದಿರಲಿಲ್ಲ. ಬೇಡವೆಂದೂ ಹೇಳಲಿಲ್ಲ, ಬಾಯಲ್ಲಿ ಕರಿಗಡಬು ಇತ್ತು.

೨೫ ಅಕ್ಟೋಬರ್, ರವಿವಾರ, ವಿಜಯದಶಮಿ

ಕೈ ನೋಯುತ್ತಿದೆ, ಆದರೂ ಬರೆಯಬೇಕು. ನಾಳೆ ಇದಕ್ಕೆ ಹತ್ತು ಪಾಠಾಂತರ ಹುಟ್ಟುತ್ತವೆ.

ಬೆಳಿಗ್ಗೆ ಆಯುಧ ವಿಸರ್ಜನೆ, ಪುಸ್ತಕ ವಿಸರ್ಜನೆ ಎರಡೂ ಆದವು. ಬಿಂದುಮಾಧವ ಗೋಡೆ ದಾಟಿ ಬರುವಾಗ ಧೋತರ ಪಾರಿಜಾತಕ್ಕೆ ಸಿಕ್ಕು ಹರಿಯಿತು. ಪುಸ್ತಕವನ್ನು ಅವನು ಗಟ್ಟಿಯಾಗಿ ಓದಿದ, ನಾನು ಬಿಗಿದೆ. ಅವನು ಓದುವುದು ಕೋರ್ಟಿನಲ್ಲಿ ಓದಿದ ಹಾಗೆ. ಪ್ರತಿ ವಾಕ್ಯಕ್ಕೂ ಎರಡು ಅರ್ಥ ಹೇಳಿ, ಎರಡನ್ನೂ ಖಂಡಿಸುತ್ತಾನೆ. ಊಟಕ್ಕೆ ಅಂಬಾಬಾಯಿ ಇಬ್ಬರಿಗೂ ಎಲೆ ಹಾಕಿದಳು. ವಾದ ಮುಗಿಯದಿದ್ದರಿಂದ ಅವನು ಕೂತ.

ಮೂರರ ಸುಮಾರಿಗೆ ಗಾಡಿ ಸಿದ್ಧವಾಯಿತು. ಕಿಕ್ಕರ್ ಒದ್ದೆ. ಏನೂ ಇಲ್ಲ. ಅವನು ಒದ್ದ. ಏನೂ ಇಲ್ಲ. ಸರದಿಯಂತೆ ಒದ್ದೆವು. ಕೆಮ್ಮು ಸಹ ಬರಲಿಲ್ಲ. ಕೆಮ್ಮುವ ಗಾಡಿಯನ್ನು ಬಿಚ್ಚಿ ಮೂಕ ಗಾಡಿಯನ್ನು ಜೋಡಿಸಿದ್ದೆವು. ವೆಂಕಣ್ಣ ಚಕ್ಕಡಿಯ ಮೂಕಿಮರದ ಮೇಲೆ ಕೂತು, ಎತ್ತಿನ ಕೊಂಬಿಗೆ ಕಟ್ಟಿದ ಗೊಂಡೆ ಸರಿಮಾಡುತ್ತ, ಶೇಂಗಾ ತಿನ್ನುತ್ತಿದ್ದ.

"ಭಾವಾ, ಹೊತ್ತು ಇಳೀತು. ಹೇರೂಣೇನ್ರಿ?"

ಆಗ ಬಿಂದುಮಾಧವ ಎದ್ದು ಹರಿದ ಧೋತರವನ್ನು ಕೋರ್ಟಿನ ಗೌನಿನಂತೆ ಹೊದ್ದು ನಿಂತ.

"ಹೇರೂದು ಬ್ಯಾಡ, ವೆಂಕಣ್ಣ. ಹಿಂದ ಕಟ್ಟು. ಯಜ್ಞ್ಯಾನ ಹ್ಯಾಂಡಲ್ ಹಿಡಕೊಂಡು ಕೂಡಲಿ. ಬನ್ನಿಗಿಡದತನಕ ಹೋಗಿ, ಅಲ್ಲಿ ಬಂಗಾರ ಕೊಟ್ಟು, ಆಮ್ಯಾಲೆ ಒಯ್ಯಿ. ಹಬ್ಬದ ದಿನ ಮನಿಯಿಂದ ಹೆಣಾ ಹೊರಸಿದಾಂಗ ಹೊರಸಬಾರದು."

ವೆಂಕಣ್ಣ ಒಪ್ಪಿದ. ಹೊರಟೆವು. ಮುಂದೆ ಎತ್ತು, ಚಕ್ಕಡಿ, ಹಗ್ಗ. ಹಗ್ಗದ ತುದಿಗೆ ಗಾಡಿಯ ಮೇಲೆ ಜರತಾರಿ ರುಮಾಲು ಸುತ್ತಿಕೊಂಡ ನಾನು. ನನ್ನ ಹಿಂದೆ, "ಪಂಚನಾಮೆಗೆ ಒಬ್ಬರು ಬೇಕಲ್ಲ" ಎಂದು ಬಿಂದುಮಾಧವ. ಓಣಿಯವರೆಲ್ಲ ಎದ್ದು ನಿಂತರು. ನಾನು ಯಾರ ಮುಖವನ್ನೂ ನೋಡಲಿಲ್ಲ. ಯಾರ್ಯಾರು ನಕ್ಕರು ಎಂದು ಹೇಳಲಾರೆ.

ಸಪ್ತಾಪುರದ ಕಡೆಯ ಇಳಿಜಾರಿನಲ್ಲಿ ಎತ್ತುಗಳು ಬಿರುಸಾದವು. "ಗೇರ್ ಹಾಕೋ!" ಎಂದು ಬಿಂದುಮಾಧವ ಕಿವಿಯಲ್ಲಿ ಚೀರಿದ. ಯಾಕೆಂದು ಕೇಳುವ ಮೊದಲೇ ಹಾಕಿದೆ. ಗಾಡಿ ಗಡಗಡ ನಡುಗಿತು. ಹೊಗೆಕೊಳವೆಯಿಂದ ಢಮ್ಮೆಂದು ತೋಪು ಹಾರಿಸಿದ ಸದ್ದು! ಅಂಬಾಬಾಯಿಯ ಚೆಂಡುಹೂವು, ಅಕ್ಷತೆ, ಒಂದು ಇಡೀ ಬಟ್ಟಲಡಕೆ ಎಲ್ಲವೂ ದೇವರ ಪಲ್ಲಕ್ಕಿಯೊಡನೆ ಹಿಂದೆ ಬರುತ್ತಿದ್ದ ದಸರೆಯ ಮೆರವಣಿಗೆಯ ಮೇಲೆ ಮಳೆಗರೆದವು. ಜನ ಪಲ್ಲಕ್ಕಿಯ ಕಡೆಯಿಂದ ಪ್ರಸಾದ ಬಂತೆಂದು ಕೈ ಮುಗಿದರು. ಎಂಜಿನ್ನು ಗರ್ಜಿಸಿತು. ಎತ್ತುಗಳು ಬೆದರಿ ರಸ್ತೆ ಬಿಟ್ಟು ಜೋಳದ ಹೊಲಕ್ಕೆ ನುಗ್ಗಿದವು. ಗಂಟು ಬಿಚ್ಚಿತು. ನಾವು ಬಾಲದಂತೆ ಹಗ್ಗವನ್ನೆಳೆಯುತ್ತ ಸ್ವತಂತ್ರವಾಗಿ, ಕೆಮ್ಮದೆ, ಓಡಿದೆವು!

ಎಂಥ ಓಟ! ಬಿಂದ್ಯಾ ಹಿಂದಿನಿಂದ ನನ್ನ ಸೊಂಟ ಹಿಡಿದು, ಶಾಲೆಯ ಮೈದಾನದಲ್ಲಿ ಕೂಗಿದ ಹಾಗೆ ಕೂಗುತ್ತಿದ್ದ. ನಾನು ಕೂಗಲಿಲ್ಲ. ಕೂಗಿದೆನೆಂದು ಅವನು ಹೇಳುತ್ತಾನೆ.

ಬನ್ನಿಗಿಡ ಕಣ್ಣಿಗೆ ಕಾಣುವಾಗ ಗಾಡಿ ನಿಂತಿತು. ಅವನು ಇಳಿದು ಹಿಂದಿನಿಂದ ದೂಡಿದ. ಗಿಡದ ಬುಡಕ್ಕೆ ಮುಟ್ಟಿಸಿದೆವು. ಎಲೆ ಹರಿದು ನನ್ನ ಕೈಯಲ್ಲಿಟ್ಟ.

"ಬಂಗಾರ ತೊಗೊಂಡು ಬಂಗಾರದಾಂಗ ಇರೋ, ಯಜ್ಞ್ಯಾ."

ನಾನೂ ಕೊಟ್ಟೆ. ಈ ದಿನ ಎಲ್ಲರೂ ಎಲ್ಲರಿಗೂ ಕೊಡುವ ಪದ್ಧತಿ. ಅದರಲ್ಲಿ ವಿಶೇಷವೇನೂ ಇಲ್ಲ. ಇಬ್ಬರ ಕೈಯೂ ಎಣ್ಣೆಯಾಗಿದ್ದರಿಂದ ಎಲೆ ಕಪ್ಪಾದವು. ಹೊಗೆ ಹೋಗಿತ್ತೋ ಏನೋ, ಕಣ್ಣು ಉರಿಯುತ್ತಿತ್ತು.

೨೬ ಅಕ್ಟೋಬರ್, ಸೋಮವಾರ

ಬೆಳಿಗ್ಗೆ ಪಡಸಾಲೆಯಲ್ಲಿ ವ್ಯಾಜ್ಯ ನಡೆಯಿತು. ನ್ಯಾಯಾಧೀಶರು ಅಂಬಾಬಾಯಿ. ವೆಂಕಣ್ಣನ ಫಿರ್ಯಾದು: "ಮೊದಲ ಎತ್ತು ಎಳದಾವ, ಕಡೀಕ ವಕೀಲರು ದೂಡ್ಯಾರ. ಇದಕ್ಕ ಹತ್ತಿಕೊಂಡು ಹೋಗೂದು ಅಂತಾರೇನು?"

ಬಿಂದುಮಾಧವ ನನ್ನ ಪರವಾಗಿ ನಿಂತ. ಕೂಸು ನಡೆಯುವುದಕ್ಕೆ ಮೊದಲು ಕೈ ಹಿಡಿಯುತ್ತಾರೆ, ಬಿದ್ದರೆ ಎತ್ತುತ್ತಾರೆ, ಅಷ್ಟಕ್ಕೆ ಕೂಸು ನಡೆಯಲೇ ಇಲ್ಲ ಎನ್ನುತ್ತೀರಾ ಎಂದು ಕೇಳಿದ. ಅವನು ಇಷ್ಟು ಚೆನ್ನಾಗಿ ವಾದಿಸುತ್ತಾನೆಂದು ನನಗೆ ತಿಳಿದಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಎದುರು ಪಕ್ಷದಿಂದಷ್ಟೇ ಕೇಳಿದ್ದೆ.

ವೆಂಕಣ್ಣನೇ ಕೊನೆಗೆ ಕೈ ಝಾಡಿಸಿದ. "ಬಿಡ್ರಿ ಭಾವಾ, ನನಗ ಬ್ಯಾಡ. ಇದನ್ನ ಗಿರಣಿಗೆ ಹಚ್ಚಿದ್ರ ರೊಟ್ಟ್ಯಾಗ ಚೆಂಡುಹೂವು ಬರತಾವ."

ಗೆದ್ದೆನೆಂದು ಎದ್ದೆ. ಅಂಬಾಬಾಯಿ ಕೈಯೆತ್ತಿದಳು.

"ಕೂಡ್ರಿ. ತೀರ್ಪು ನಾ ಹೇಳೇ ಇಲ್ಲ. ಸುಳ್ಳಕ್ಕ ಹೋಗೂದಿಲ್ಲ, ಆತು. ಆದರ ಈ ಮನ್ಯಾಗೂ ಇನ್ನ ಮ್ಯಾಲ ಅದು ಇರಂಗಿಲ್ಲ. ದೀಪಾವಳಿ ಬಂತು, ನನಗ ಪಡಸಾಲಿ ಬೇಕು, ಛಪ್ಪರ ಬೇಕು, ಪರಾತ ಬೇಕು. ಆ ಕಡೆ ಜಗಲಿ ಖಾಲಿ ಬಿದ್ದದ. ಅಲ್ಲಿ ಇಡ್ರಿ. ಬಿಚ್ಚೂದು, ಒದಿಯೂದು, ಜಗಳಾಡೂದು ಎಲ್ಲಾ ಅಲ್ಲೇ."

ಬಿಂದುಮಾಧವ ತಕ್ಷಣ ಒಪ್ಪಿದ. ನನ್ನ ವಕೀಲ ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿದ!

ನನ್ನ ಗಾಡಿ ನನ್ನ ಮನೆಯಲ್ಲಿಲ್ಲ. ಸ್ವಂತ ಸ್ವತ್ತನ್ನು ನೋಡಲು ಮನುಷ್ಯ ದಿನಾಲು ಪರರ ಜಗಲಿ ಹತ್ತಬೇಕಾದ ಈ ಅನ್ಯಾಯಕ್ಕೆ ಇತಿಹಾಸದಲ್ಲಿ ಉದಾಹರಣೆ ಹುಡುಕಿದೆ, ಸಿಗಲಿಲ್ಲ. ನಾಳೆ ಮುಂಜಾನೆ ಎದ್ದವನೇ ಹೋಗಿ ಅವನಿಗೆ ಮುಖದ ಮೇಲೆಯೇ ಹೇಳುತ್ತೇನೆ. ಸ್ನಾನಕ್ಕೆ ಮೊದಲೇ ಹೋಗಬೇಕು, ಚಹಾ ಅಲ್ಲಿಯೇ ಎಂದಿದ್ದಾನೆ. ಹೇಳುವುದು ಬಹಳ ಇದೆ. ಮಧ್ಯಾಹ್ನದವರೆಗೂ ಆಗಬಹುದು.